ನಾಮಗಿರಿ ನಿಲಯ, ಮಿಶಿಗನ್

ಕೆಲಸ ಕಳೆದುಕೊಂಡವನನ್ನು ಜನ ಕೇಳುವುದು ಒಂದೇ ಪ್ರಶ್ನೆ. ಅದನ್ನೂ ಅವನ ಬಾಯಲ್ಲಿ ತುತ್ತು ಇರುವ ಹೊತ್ತು ನೋಡಿಕೊಂಡೇ ಕೇಳುತ್ತಾರೆ. ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳು ಸಾಲಾಗಿ ಮಕಾಡೆ ಮಲಗಿದ್ದ ಕಾಲ ಅದು. ಕನ್ನಡ ಸಂಘದ ಯುಗಾದಿ ಊಟದಲ್ಲಿ ತಿರುಮಲೇಶನ ಬಾಯಲ್ಲಿ ಇದ್ದದ್ದು ಬಿಸಿಬೇಳೆಬಾತು, ಎದುರಿಗೆ ತಟ್ಟೆ ಹಿಡಿದು ನಿಂತದ್ದು ಡಾಕ್ಟರ್ ದಾನಪ್ಪ.

ದಾನಪ್ಪನವರು ಹುಬ್ಬಳ್ಳಿ ಕಡೆಯವರು, ಹೃದಯದ ಡಾಕ್ಟರು. ಹೃದಯದ ಡಾಕ್ಟರಿಗೆ ರಿಸೆಷನ್ ಎಂಬುದಿಲ್ಲ. ಬೇರೆಯವರ ಕೆಲಸ ಹೋದಷ್ಟೂ ಅವರ ಬಾಗಿಲಿಗೆ ಜನ ಹೆಚ್ಚು.

"ಮತ್ತೇನ್ರೀ ತಿರುಮಲೇಶ್, ಈಗ ಏನ್ ಮಾಡಾಕತ್ತೀರಿ?"

"ಹುಡುಕ್ತಾ ಇದ್ದೀನಿ" ಎಂದರೆ ಮುಗಿಯುತ್ತಿತ್ತು. ಆದರೆ ವರ್ಷದಿಂದ ಅದನ್ನೇ ಹೇಳಿ ಹೇಳಿ ತಿರುಮಲೇಶನ ನಾಲಿಗೆ ಸವೆದಿತ್ತು. ಪಕ್ಕದ ಸಾಲಿನಲ್ಲಿ ಪಾಯಸ ಬಡಿಸುತ್ತಿದ್ದ ಹೆಂಗಸರೆಲ್ಲ ಸೌಟು ನಿಲ್ಲಿಸಿ ಕಿವಿ ಇತ್ತ ತಿರುಗಿಸಿದ್ದರು. ಅವನು ತುತ್ತು ನುಂಗಿ, "ಮ್ಯಾಪ್ ಫೀಲ್ಡಿಗೆ ಹೋಗ್ತಾ ಇದ್ದೀನಿ ಡಾಕ್ಟ್ರೇ. ಓಪನ್ ಸೋರ್ಸು" ಅಂದುಬಿಟ್ಟ.

"ಅಂದ್ರ?"

"ಅಂದ್ರೆ, ಊರುಗಳನ್ನ ಹುಡುಕೋದು."

"ಯಾಕ್ರೀ, ಕಳದಾವೇನು?"

ತಿರುಮಲೇಶ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಹಿಂದಿನ ವಾರ ಅವನ ಹೆಂಡತಿ ವತ್ಸಲಾಳ ತಮ್ಮ ಗೋಪಿ ಷಿಕಾಗೋ ಕಡೆಯಿಂದ ಫೋನ್ ಮಾಡಿದ್ದ. ಗೋಪಿಯ ಮನೆ ಪ್ಲೇನ್‌ಫೀಲ್ಡ್‌ನಲ್ಲಿ, ಕೆಲಸ ಇಟಾಸ್ಕಾದ ಒಂದು ಸಣ್ಣ ಕಂಪನಿಯಲ್ಲಿ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಪುಕ್ಕಟೆ ಮ್ಯಾಪೊಂದು ಇಂಟರ್ನೆಟ್ಟಿನಲ್ಲಿ ಇದೆಯಂತೆ. ಅದರೊಳಗಿನ ಜಾಗಗಳನ್ನು ಹುಡುಕಿ ಕೊಡುವ ಎಂಜಿನ್ನೂ ಪುಕ್ಕಟೆ. ಎರಡನ್ನೂ ತಂದು, ತೊಳೆದು ಒರೆಸಿ, ಬೇರೆ ಅಂಗಡಿಗಳ ವೆಬ್‌ಸೈಟಿಗೆ ಕೂಡಿಸಿ ಕೊಡುವುದು ಗೋಪಿಯ ಕಂಪನಿಯ ದಂಧೆ.

"ಒಂದು ಪೋಸ್ಟ್ ಖಾಲಿ ಆಗ್ತಿದೆ ಭಾವ," ಅಂದಿದ್ದ ಗೋಪಿ. "ನಮ್ಮ ಮ್ಯಾನೇಜರ್ ನಿರಂಜನ್ ಡಿಗ್ರಿ ಪಿಗ್ರಿ ನೋಡಲ್ಲ. ಓಪನ್ ಸೋರ್ಸಿಗೆ ಏನು ಕಾಂಟ್ರಿಬ್ಯೂಟ್ ಮಾಡಿದೀಯ ಅಂತ ಕೇಳ್ತಾನೆ. ನೀವು ಆ ಮ್ಯಾಪಲ್ಲಿ ಏನಾದ್ರೂ ಒಂದು ಸೇರಿಸಿ, ರೆಸ್ಯೂಮೇಲಿ ಹಾಕಿ. ನಾನು ಹೆಸರು ಕೊಡ್ತೀನಿ."

ಅಷ್ಟು ದಿನದಲ್ಲಿ ಬಂದ ಮೊದಲನೆಯ ಕರೆ ಅದು. ವತ್ಸಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ಶಿಫ್ಟು ಮಾಡಿ ಮನೆ ತೂಗಿಸುತ್ತಿದ್ದಳು. ಬರುವಾಗ ಅವಳ ಕಾಲು ಬಾತಿರುತ್ತಿತ್ತು. ಈ ಕೆಲಸ ಸಿಕ್ಕರೆ ಅವಳು ಒಂದು ಶಿಫ್ಟಾದರೂ ಬಿಡಬಹುದು. ಇಷ್ಟೇ ವಿಷಯ. ಮುಂದಿನದೆಲ್ಲ ತಿರುಮಲೇಶನ ತಲೆಯ ಕೊಡುಗೆ.

ತಿರುಮಲೇಶ ಕಾರಿನ ಬಾಗಿಲ ಕೀಲು ಡಿಸೈನ್ ಮಾಡುತ್ತಿದ್ದ ಎಂಜಿನಿಯರು. ಬಾಗಿಲು ತೆರೆಯುವುದು, ಮುಚ್ಚುವುದು ಎರಡೂ ಅವನ ಜವಾಬ್ದಾರಿ. ಕಂಪನಿಯೇ ಬಾಗಿಲು ಮುಚ್ಚಿದಾಗ ಮಾತ್ರ ಅವನನ್ನು ಯಾರೂ ಕೇಳಲಿಲ್ಲ.

ಮ್ಯಾಪು ತೆರೆದು ತನ್ನ ಊರು ಫಾರ್ಮಿಂಗ್ಟನ್ ಹಿಲ್ಸ್ ನೋಡಿದ. ಏನು ಸೇರಿಸುವುದು? ರಸ್ತೆಗಳನ್ನು ಯಾರೋ ಹಾಕಿಬಿಟ್ಟಿದ್ದರು. ಶಾಲೆಗಳಿದ್ದವು. ಬಾತುಕೋಳಿ ಈಜುವ ಗುಂಡಿಗಳಿಗೂ ಹೆಸರಿತ್ತು. ಇಲ್ಲದ್ದು ಒಂದೇ, ಅವನ ಮನೆ.

ಮೈಸೂರಿನಲ್ಲಿ ಹೆಸರಿಲ್ಲದ ಮನೆಯಲ್ಲಿ ದನವನ್ನೂ ಕಟ್ಟುವುದಿಲ್ಲ. ಅವನ ಅಪ್ಪ ಕಟ್ಟಿಸಿದ ಮನೆಯ ಗೇಟಿಗೂ ಹೆಸರಿತ್ತು, ಹಿತ್ತಲಿನ ಔಟ್‌ಹೌಸಿಗೂ ಇತ್ತು. ಇಲ್ಲಿ ಮನೆ ಕೊಂಡಾಗ ತಿರುಮಲೇಶ ತಾಯಿಯ ಹೆಸರಿನ ಬೋರ್ಡು ಹಾಕುತ್ತೇನೆಂದು ಬಡಾವಣೆಯ ಮನೆಯವರ ಸಂಘಕ್ಕೆ ಹೇಳಿದ್ದ. ಬೋರ್ಡು ಗೀರ್ಡು ಇಲ್ಲ, ನಂಬರು ಸಾಕು ಅಂದಿದ್ದರು. ನಂಬರು ಮೂವತ್ತೊಂದು ಸಾವಿರದ ಚಿಲ್ಲರೆ. ಅದೇನು ಮನೆಯೋ, ಲಾಟರಿ ಟಿಕೆಟ್ಟೋ.

ಆ ಸಿಟ್ಟು ಇನ್ನೂ ಬೂದಿಯ ಕೆಳಗೆ ಇತ್ತು. ಮ್ಯಾಪಿನಲ್ಲಿ ತನ್ನ ಮನೆಯ ಮೇಲೆ ಒಂದು ಚುಕ್ಕೆ ಇಟ್ಟು, 'ನಾಮಗಿರಿ ನಿಲಯ' ಎಂದು ಬರೆದು, ಎಂಥ ಜಾಗ ಎಂದು ಕೇಳಿದ್ದಕ್ಕೆ 'ಮನೆ' ಎಂದು ಹಾಕಿದ.

ನಾಲ್ಕು ದಿನ ಬಿಟ್ಟು 'ನಾಮಗಿರಿ' ಎಂದು ಹುಡುಕಿ ನೋಡಿದರೆ ಮೊದಲು ಬಂದದ್ದು ತಮಿಳುನಾಡಿನ ಯಾವುದೋ ಊರು. ಆಮೇಲೆ ಒಂದು ಬೆಟ್ಟ, ಒಂದು ಛತ್ರ, ಒಂದು ಬಸ್‌ಸ್ಟಾಪು. ಇವನ ಮನೆ ಬಂಡಿಯ ಹಿಂದೆ ಓಡುವ ನಾಯಿಯ ಹಾಗೆ ಕಟ್ಟಕಡೆಗೆ ಬಂತು.

"ಎಂಜಿನ್ನಿಗೆ ಕಣ್ಣಿಲ್ಲ ಭಾವ," ಗೋಪಿ ಫೋನಿನಲ್ಲಿ ಬಿಡಿಸಿ ಹೇಳಿದ. "ನೀವು ಹೆಸರು ಟೈಪ್ ಮಾಡಿದ್ರೆ ಅದನ್ನ ತುಂಡು ತುಂಡು ಮಾಡುತ್ತೆ. ಆ ತುಂಡು ಯಾವ್ಯಾವ ಜಾಗದ ಹೆಸರಲ್ಲಿದೆ ಅಂತ ಮೊದಲೇ ಜೋಡಿಸಿ ಇಟ್ಕೊಂಡಿರುತ್ತೆ. ನೂರು ಜಾಗ ಸಿಕ್ತು ಅಂತ ಇಟ್ಕೊಳ್ಳಿ, ಯಾವುದನ್ನ ಮೊದಲು ತೋರಿಸ್ಬೇಕು? ದೊಡ್ಡದನ್ನ. ಸಿಟಿ ಮೊದಲು, ಆಮೇಲೆ ಟೌನು, ಆಮೇಲೆ ಹಳ್ಳಿ. ಮನೆ ಕಡೇಗೆ."

"ದೊಡ್ಡದು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಮ್ಯಾಪಲ್ಲಿ ಹಾಕಿದೋರು ಹೇಳಿರ್ತಾರಲ್ಲ. ಅದನ್ನ ನಂಬುತ್ತೆ."

"ಹೋಗಿ ನೋಡಲ್ವಾ?"

"ಅದಕ್ಕೆ ಕಾಲೂ ಇಲ್ಲ ಭಾವ."

ಗೋಪಿ ಇಷ್ಟು ಹೇಳಿದ್ದು ತಿಳಿವಳಿಕೆಗೆ. ತಿರುಮಲೇಶನಿಗೆ ಕೇಳಿಸಿದ್ದು ಪ್ರಮೋಷನ್ನಿನ ದಾರಿ. ಅವನಿಗೆ ಆಫೀಸಿನಲ್ಲಿ ಯಾರೂ ಪ್ರಮೋಷನ್ ಕೊಟ್ಟಿರಲಿಲ್ಲ. ಇಲ್ಲಿ ನೋಡಿದರೆ ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮುಂದೂ ಹಲ್ಲು ಗಿಂಜಬೇಕಾಗಿಲ್ಲ. ಮನೆಯನ್ನು ಹಳ್ಳಿ ಮಾಡಿದ. ಸ್ವಲ್ಪ ಮೇಲೆ ಬಂತು, ಆದರೂ ತಮಿಳುನಾಡಿನ ಊರು ಕದಲಲಿಲ್ಲ. ಹಳ್ಳಿಯನ್ನು ಟೌನು ಮಾಡಿದ. ಸಿಟಿ ಎಂದು ಹಾಕಲೂ ಬೆರಳು ಹೋಗಿತ್ತು. ಆದರೆ ಎಷ್ಟೆಂದರೂ ಮರ್ಯಾದಸ್ಥರ ಮನೆಯವನು, ನಾಚಿಕೊಂಡು ಬಿಟ್ಟ.

ವಾರದ ಮೇಲೆ ನೋಡಿದರೆ ನಾಮಗಿರಿ ನಿಲಯ ಎಲ್ಲಕ್ಕಿಂತ ಮೇಲೆ ಕೂತಿತ್ತು.

ವತ್ಸಲಾ ಡ್ಯೂಟಿ ಮುಗಿಸಿ ಬಂದು ಇನ್ನೂ ಶೂ ಬಿಚ್ಚಿರಲಿಲ್ಲ. "ನೋಡೇ ಇಲ್ಲಿ" ಎಂದು ಲ್ಯಾಪ್‌ಟಾಪ್ ತಿರುಗಿಸಿದ. "ನಮ್ಮಮ್ಮ. ಮೊದಲನೇ ಸ್ಥಾನ."

ವತ್ಸಲಾ ಸುಸ್ತಾದ ಕಣ್ಣಲ್ಲೇ ಒಮ್ಮೆ ನೋಡಿದಳು. "ಅವರು ಎರಡನೇ ಸ್ಥಾನದಲ್ಲಿ ಯಾವತ್ತಿದ್ರು?" ಅಂದು ಒಳಗೆ ಹೋದಳು.

ಮೊದಲ ಪೆಟ್ಟು ಬಿದ್ದದ್ದು ಪಿಜ್ಜಾದ ಮೇಲೆ. ಶುಕ್ರವಾರ ಮಗಳು ಧೃತಿ ಕಂಪ್ಯೂಟರಿನಲ್ಲಿ ಆರ್ಡರ್ ಮಾಡಲು ಹೋಗಿ ಅಲ್ಲಿಂದಲೇ ಕೂಗಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ಡ್ಯಾಡ್, ದೇ ಡೋಂಟ್ ಡೆಲಿವರ್ ಟು ನಾಮಗಿರಿ ನಿಲಯ."

"ಅದು ನಮ್ಮ ಮನೆ ಕಣೇ."

"ನೋ, ಇಟ್ ಸೇಸ್ ಇಟ್ಸ್ ಎ ಟೌನ್. ಹೋಲ್ ಸ್ಟ್ರೀಟ್ ಈಸ್ ಇನ್ ಇಟ್. ಡ್ಯಾಡ್, ಡಿಡ್ ಯು ಮೇಕ್ ಅಜ್ಜಿ ಎ ಟೌನ್?"

ಗೋಪಿಗೆ ಫೋನ್ ಹೋಯಿತು. ಗೋಪಿ ನೋಡಿ, ಮೆಲ್ಲಗೆ ಶುರು ಮಾಡಿದ. ಆ ಎಂಜಿನ್ನು ಪ್ರತಿಯೊಂದು ಮನೆಗೂ ಇದು ಯಾವ ಊರಿಗೆ ಸೇರಿದ್ದು ಎಂದು ತಾನೇ ಲೆಕ್ಕ ಹಾಕುತ್ತದೆ. ಊರಿನ ಗಡಿಗೆರೆ ಇದ್ದರೆ ಅದನ್ನು ನೋಡುತ್ತದೆ. ಫಾರ್ಮಿಂಗ್ಟನ್ ಹಿಲ್ಸ್‌ನ ಗೆರೆಯನ್ನು ಯಾರೋ ಪುಣ್ಯಾತ್ಮ ತಿದ್ದಲು ಹೋಗಿ ಅರ್ಧಕ್ಕೆ ಹರಿದು ಬಿಟ್ಟಿದ್ದ. ಗೆರೆ ಹರಿದರೆ ಎಂಜಿನ್ನು ಇನ್ನೊಂದು ಉಪಾಯ ಮಾಡುತ್ತದೆ. ಹತ್ತಿರದಲ್ಲಿ ಯಾವ ಟೌನಿನ ಚುಕ್ಕೆ ಇದೆಯೋ ಅದರ ಮಡಿಲಿಗೆ ಮನೆಯನ್ನು ಹಾಕುತ್ತದೆ. ಹತ್ತಿರದ ಚುಕ್ಕೆ ಯಾವುದು? ತಿರುಮಲೇಶನ ಅಡಿಗೆಮನೆಯ ಮೇಲಿನದು.

"ಅಂದ್ರೆ ಈ ಸುತ್ತಿನ ಮನೆಗಳೆಲ್ಲ..."

"ಎಲ್ಲ ನಾಮಗಿರಿ ನಿಲಯ, ಮಿಶಿಗನ್. ಪಿಜ್ಜಾ ಅಂಗಡಿಗೆ ಎಂಜಿನ್ ಕೊಟ್ಟಿರೋದು ನಮ್ಮ ಕಂಪನಿನೇ ಭಾವ. ಕಂಪ್ಲೇಂಟ್ ನಮ್ಮ ಟೇಬಲ್ಲಿಗೇ ಬರೋದು."

ಸ್ಪೀಕರಿನಲ್ಲಿ ಕೇಳುತ್ತಿದ್ದ ವತ್ಸಲಾ ಸೋಫಾದ ಮೇಲೆ ಕಾಲು ಚಾಚಿ ಹೇಳಿದಳು: "ಅತ್ತೆ ಇರೋವರೆಗೂ ಒಂದು ಬೀದಿ ಮಾತ್ರ ಅವರ ಕೈಯಲ್ಲಿತ್ತು. ಸಮುದ್ರ ದಾಟಿ ಬಂದ್ರೂ ಬಿಡಲಿಲ್ಲ ನೋಡಿ ನನ್ನ."

ತಿರುಮಲೇಶ ಆ ಕ್ಷಣವೇ ಟೌನನ್ನು ಅಳಿಸಿದ. ಮ್ಯಾಪಿನಿಂದ ಹೋಯಿತು. ಎಂಜಿನ್ನಿನಿಂದ ಹೋಗಲಿಲ್ಲ. ಮ್ಯಾಪು ಬೇರೆ, ಎಂಜಿನ್ನಿನ ಹೊಟ್ಟೆಯಲ್ಲಿರುವ ನಕಲು ಬೇರೆ ಎಂದ ಗೋಪಿ. ಕಂಪನಿಯವರು ಆಗಾಗ ಮ್ಯಾಪನ್ನು ಹೊಸದಾಗಿ ತಂದು ತುಂಬಿಸಬೇಕು. ಹಾಗೆ ತುಂಬಿಸುವ ತನಕ ಅದು ಹಳೆಯದನ್ನೇ ಅಗಿಯುತ್ತಿರುತ್ತದೆ. ಸತ್ತವನ ಹೆಸರು ರೇಷನ್ ಕಾರ್ಡಿನಿಂದ ಹೋದರೂ ವೋಟರ್ ಲಿಸ್ಟಿನಲ್ಲಿ ಉಳಿಯುವ ಹಾಗೆ.

"ಮತ್ತೆ ತುಂಬಿಸ್ರಯ್ಯ."

"ತುಂಬಿಸ್ತಿದ್ದೋನನ್ನ ಲೇ ಆಫ್ ಮಾಡಿಬಿಟ್ರು ಭಾವ. ನಿಮ್ಮ ಟೌನೂ ಸೇರಿಸಿ ಕಡೇ ಸಲ ತುಂಬಿಸಿ ಮೊನ್ನೆ ತಾನೇ ಹೋದ. ಆ ಖಾಲಿ ಜಾಗಕ್ಕೇ ನಿಮ್ಮನ್ನ ಕರೀತಿರೋದು."

ಮರುದಿನ ಪಕ್ಕದ ಮನೆಯ ವಾಲ್ಟ್ ಬಂದ. ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದ ದೊಡ್ಡ ಆಳು. ಅವನ ಕೆಲಸವೂ ಹೋಗಿ, ಟೆಕ್ಸಸ್ಸಿನಲ್ಲಿ ಮಗಳ ಮನೆ ಸೇರಲು ಹೊರಟಿದ್ದ. ಮನೆ ಮುಂದೆ ಮಾರಾಟದ ಬೋರ್ಡು ನಿಂತು ಚಳಿಗಾಲ ಕಳೆದಿತ್ತು.

"ನನ್ನ ಮನೆಯ ಜಾಹೀರಾತಿನಲ್ಲಿ ಏನೋ ಬರುತ್ತಿದೆ," ಎಂದ ವಾಲ್ಟ್. "ನಾಮಾ ಗ್ಯಾರಿ ಏನೋ. ಇಂಡಿಯಾನಾದ ಗ್ಯಾರಿ ಪಟ್ಟಣದ ಪಕ್ಕದ ಊರಾ ಅಂತ ಒಬ್ಬರು ಕೇಳಿದರು. ಓಹಾಯೋದಿಂದ ನೋಡಲು ಬರಬೇಕಾದವರು, ಇಂಥ ಊರೇ ಇಲ್ಲ, ಇದು ಮೋಸ ಅಂತ ಬರಲೇ ಇಲ್ಲ. ನಿನಗೇನಾದರೂ ಗೊತ್ತಾ? ನಿಮ್ಮ ಭಾಷೆಯ ಹಾಗೆ ಕಂಡಿತು."

ತಿರುಮಲೇಶ ಕೆಮ್ಮಿದ. "ನಮ್ಮ ತಾಯಿಯ ಹೆಸರು" ಎಂದ.

ವಾಲ್ಟ್ ತಿರುಗಿ ತನ್ನ ಮನೆಯ ಕಡೆ ನೋಡಿದ. "ನಿನ್ನ ತಾಯಿ ನನ್ನ ಮನೆಯಲ್ಲಿ ಯಾಕಿದ್ದಾರೆ?"

ಮುಂದಿನ ಶನಿವಾರ ವಾಲ್ಟನ ಮನೆಗೆ ಮತ್ತೊಂದು ಗಿರಾಕಿ ಬರುವ ದಿನ ತಿರುಮಲೇಶ ರಟ್ಟಿನ ಹಲಗೆಯ ಮೇಲೆ ಬಾಣ ಬರೆದುಕೊಂಡು ಮೂಲೆಯಲ್ಲಿ ಬೆಳಗಿನಿಂದ ನಿಂತ. ಹೋಗುವ ಬರುವ ಕಾರಿಗೆಲ್ಲ ಕೈ ಬೀಸಿದ. ಒಬ್ಬಳು ಮುದುಕಿ ಕಾರು ನಿಲ್ಲಿಸಿ ಅವನ ಕೈಗೆ ಒಂದು ಸ್ಯಾಂಡ್‌ವಿಚ್ ಕೊಟ್ಟು, ದೇವರಿದ್ದಾನೆ ಎಂದು ಹೇಳಿ ಹೋದಳು. ಕೊನೆಗೆ ಗಿರಾಕಿ ಬಂದರು, ನೋಡಿದರು, ಯೋಚಿಸಿ ಹೇಳುತ್ತೇವೆ ಎಂದು ಹೋದರು. ಅದೊಂದು ಮಾತ್ರ ನಾಮಗಿರಿಯಮ್ಮನವರ ತಪ್ಪಲ್ಲ. ಆಗ ಎಲ್ಲ ಊರಿನ ಮನೆಗಳದ್ದೂ ಅದೇ ಗತಿ.

ಅಷ್ಟರಲ್ಲಿ ಸುದ್ದಿ ದಾನಪ್ಪನವರಿಗೆ ಮುಟ್ಟಿತ್ತು. ಅವರ ಮನೆ ಎರಡು ಮೈಲಿ ಆಚೆ. ಆ ಎರಡು ಮೈಲಿಯನ್ನೂ ಟೌನು ನುಂಗಿತ್ತು.

"ಏನ್ರೀ, ಮ್ಯಾಪ್ ಫೀಲ್ಡ್ ಅಂದ್ರಿ, ಒಮ್ಮೆಲೇ ಊರ ಕಟ್ಟೀರಲ್ಲ. ನಮಗ ಒಂದ ಮಾತ ಹೇಳಬಾರದೇನ್ರಿ? ನನ್ನ ಮನೀ ಅಡ್ರೆಸ್ ಹೊಡದ್ರ ನಿಮ್ಮವ್ವಾರ ಹೆಸರ ಬರ್ತೈತಿ."

"ಅದು ಊರಲ್ಲ ಡಾಕ್ಟ್ರೇ. ತಪ್ಪಾಗಿ ಬಿದ್ದಿರೋದು."

"ದೊಡ್ಡಾವು ಎಲ್ಲಾ ಹಿಂಗ ತಪ್ಪಾಗೇ ಬೀಳೂದು. ಇರ್ಲಿ, ಒಂದ ಕಾರ್ನರ್ ಸೈಟ್ ನನಗಂತ ಇಟ್ಟಿರ್ರಿ."

ಕನ್ನಡದವನ ಕಿವಿಗೆ 'ಹೊಸ ಊರು' ಎಂದು ಬಿದ್ದರೆ ಅದು ಹೊಟ್ಟೆಗೆ ಇಳಿಯುವಷ್ಟರಲ್ಲಿ 'ಸೈಟು' ಆಗಿರುತ್ತದೆ. ಅವನು ಮೂವತ್ತು ಎಕರೆ ಮೆಕ್ಕೆಜೋಳದ ಹೊಲದ ಪಕ್ಕದಲ್ಲೇ ವಾಸವಿದ್ದರೂ ಅಷ್ಟೆ. ವಾರ ಕಳೆಯುವುದರೊಳಗೆ ಹತ್ತಿರದ ಕ್ಯಾಂಟನ್ ಊರಿನಿಂದ ಕಲ್ಲಿನಾಥ ಎಂಬವರ ಫೋನು ಬಂತು. ತಿರುಮಲೇಶ ಅವರನ್ನು ಗಣೇಶನ ಹಬ್ಬದಲ್ಲಿ ಒಮ್ಮೆ ನೋಡಿದ್ದ, ಅಷ್ಟೆ.

"ಸಾರ್, ಲೇಔಟ್ ಮಾಡ್ತಿದೀರಂತೆ. ಥರ್ಟಿ ಫಾರ್ಟಿ ಇದೆಯಾ?"

"ಇಲ್ಲ ಸಾರ್."

"ಹೋಗ್ಲಿ, ಸಿಕ್ಸ್ಟಿ ಫಾರ್ಟಿ?"

"ಸಾರ್, ಊರೇ ಇಲ್ಲ."

"ಎಲ್ಲ ಲೇಔಟ್‌ನೋರೂ ಮೊದಲು ಹಂಗೇ ಹೇಳೋದು, ರೇಟ್ ಏರಿಸೋಕೆ. ಈಸ್ಟ್ ಫೇಸಿಂಗ್ ಇರ್ಲಿ. ಪಾರ್ಕ್ ಕಡೆ ಬೇಡ, ಸೊಳ್ಳೆ."

ಇಲ್ಲ ಎಂದಷ್ಟೂ ಬೇಡಿಕೆ ಹೆಚ್ಚಿತು. ಆಪ್ತರಿಗೆ ಮಾತ್ರ ಕೊಡುತ್ತಿದ್ದಾನೆ ಎಂದು ಕೆಲವರು ಮಾತು ಬಿಟ್ಟರು. ದೇವಸ್ಥಾನದಲ್ಲಿ ವತ್ಸಲಾಳನ್ನು ಹೆಂಗಸರು ಸುತ್ತುವರಿದು, "ಕಾಫಿಗೆ ಬನ್ನಿ ವತ್ಸಲಾ, ಬರೋದೇ ಇಲ್ಲ ನೀವು" ಎಂದರು. ವರ್ಷದಿಂದ ಆ ಹೆಂಗಸರು ಅವಳನ್ನು ಕಾಫಿಗೆ ಕರೆದಿರಲಿಲ್ಲ. ಗಂಡನ ಕೆಲಸ ಹೋಗುವುದು ಅಂಟುಜಾಡ್ಯ ಎಂದುಕೊಂಡಿದ್ದರು.

ಮೇ ತಿಂಗಳ ಒಂದು ಸಂಜೆ ಬಾಗಿಲು ಬಡಿದದ್ದು ನಗರಸಭೆಯ ಒಬ್ಬ ಸಣಕಲು ಮನುಷ್ಯ. ಕತ್ತಿನಲ್ಲಿ ಗುರುತಿನ ಚೀಟಿ, ಮುಖದಲ್ಲಿ ನಿದ್ದೆ.

"ನಾಮಗಿರಿ ನಿಲಯ ಇದೇನಾ?"

ಇಷ್ಟು ವರ್ಷದಲ್ಲಿ ಅಮೆರಿಕದಲ್ಲಿ ಒಬ್ಬನಾದರೂ ಮನೆಯ ಹೆಸರು ಹಿಡಿದು ಬಾಗಿಲಿಗೆ ಬಂದಿರಲಿಲ್ಲ. ತಿರುಮಲೇಶನಿಗೆ ಎಲ್ಲ ಮರೆತುಹೋಯಿತು. "ಹೌದು, ಇದೇ. ಬನ್ನಿ, ಒಳಗೆ ಬನ್ನಿ, ಕೂತುಕೊಳ್ಳಿ" ಎಂದುಬಿಟ್ಟ.

ಬಂದವನು ಕೂತು ಬಂದ ಕೆಲಸ ಹೇಳಿದ. "ಈ ಬೀದಿಯ ಕೊನೆಯ ಮನೆಯವನಿಗೆ ಹುಲ್ಲು ಕತ್ತರಿಸು ಎಂದು ನೋಟೀಸು ಕೊಟ್ಟಿದ್ದೆವು. ತಾನು ನಾಮಗಿರಿ ನಿಲಯದ ನಾಗರಿಕ, ನಿಮ್ಮ ಊರಿನ ಹುಲ್ಲಿನ ಕಾನೂನು ತನಗೆ ಅನ್ವಯಿಸುವುದಿಲ್ಲ ಎಂದು ಉತ್ತರ ಕೊಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ತೋರಿಸಿದ. ಈ ಊರಿನ ಆಡಳಿತ ಯಾರು ನೋಡಿಕೊಳ್ಳುತ್ತಾರೆ?"

ವತ್ಸಲಾ ಅಡಿಗೆಮನೆಯಿಂದಲೇ, "ನಾನೇ. ಇನ್ಯಾರಿದ್ದಾರೆ?" ಎಂದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಆಸ್ಪತ್ರೆಯ ಬ್ಯಾಗು. ಬಂದವನು ಎದ್ದು ನಿಂತ.

ತಿರುಮಲೇಶ ಎಲ್ಲ ಬಿಡಿಸಿ ಹೇಳಿದ. ಚುಕ್ಕೆ, ಟೌನು, ಗೆರೆ, ನಕಲು. ಆ ಮನುಷ್ಯ ಕಾಫಿ ಕುಡಿಯುತ್ತಾ ಕೇಳಿದ. ಕೇಳಿ ಮುಗಿದ ಮೇಲೆ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

"ಅಂದರೆ ಊರು ಇಲ್ಲ."

"ಇಲ್ಲ."

"ಮುಂದೆ ಮಾಡುವ ಯೋಚನೆಯೂ ಇಲ್ಲ."

"ಇಲ್ಲಪ್ಪ."

"ಛೆ," ಎಂದ ಅವನು. "ನಮ್ಮ ವಿಭಾಗದಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ. ಹೊಸ ಊರಾದರೆ ಏನಾದರೂ ಕೆಲಸ ಖಾಲಿ ಇರಬಹುದೇನೋ ಅಂದುಕೊಂಡಿದ್ದೆ."

ಇಂಟರ್ವ್ಯೂಗೆ ಕರೆ ಬಂದದ್ದು ಅದರ ಮರುವಾರ. ಹಿಂದಿನ ದಿನವೇ ತಿರುಮಲೇಶ ಕಾರು ಓಡಿಸಿಕೊಂಡು ಹೋಗಿ ಪ್ಲೇನ್‌ಫೀಲ್ಡ್‌ನಲ್ಲಿ ಗೋಪಿಯ ಮನೆಯಲ್ಲಿ ಮಲಗಿದ. ಬೆಳಿಗ್ಗೆ ಇಟಾಸ್ಕಾಕ್ಕೆ ಇಬ್ಬರೂ ಒಂದೇ ಕಾರಿನಲ್ಲಿ ಹೊರಟರು. ಗೋಪಿಯ ಮುಖ ಇಳಿದುಹೋಗಿತ್ತು.

"ಭಾವ, ಒಂದು ಮಾತು. ನಿಮ್ಮ ಊರಿನ ವಿಷಯ ಆಫೀಸಲ್ಲಿ ದಿನಾ ಮೀಟಿಂಗ್ ಆಗ್ತಿದೆ. ಮ್ಯಾಪಲ್ಲಿ ಇಲ್ಲ, ನಮ್ಮ ಎಂಜಿನ್ನಲ್ಲಿದೆ. ಎಂಜಿನ್ನೇ ಊರು ಹೆತ್ತುಬಿಡ್ತಾ ಅಂತ ಇಬ್ರು ಹುಡುಗರು ಕೋಡನ್ನೆಲ್ಲ ಬಿಚ್ಚಿ ಹರಡ್ಕೊಂಡಿದಾರೆ."

"ನೀನು ಹೇಳ್ಳಿಲ್ವಾ?"

"ನಮ್ಮ ಭಾವನೇ ಮಾಡಿದ್ದು, ಅವರಿಗೇ ಕೆಲಸ ಕೊಡಿ ಅಂತ ಹೆಂಗೆ ಹೇಳ್ಲಿ? ನನ್ನನ್ನೂ ಮನೆಗೆ ಕಳಿಸ್ತಾರೆ. ನಾನು ತಲೆ ಬಗ್ಗಿಸ್ಕೊಂಡು ಕೂತಿರ್ತೀನಿ. ನೀವೂ ಅಷ್ಟೇ. ಏನು ಕೇಳಿದ್ರೂ 'ಗೊತ್ತಿಲ್ಲ, ಕಲೀತೀನಿ' ಅನ್ನಿ. ಸಿಟ್ಟು ಮಾತ್ರ ಮಾಡ್ಕೋಬೇಡಿ."

"ನಾನ್ಯಾಕೋ ಸಿಟ್ಟು ಮಾಡ್ಕೊಳ್ಲಿ," ಎಂದು ತಿರುಮಲೇಶ ಸಿಟ್ಟಿನಿಂದ ಹೇಳಿದ.

ಇಂಟರ್ವ್ಯೂ ರೂಮಿಗೆ ಗೋಡೆಯ ಬದಲು ಗಾಜು. ಒಳಗೆ ನಿರಂಜನ್ ಒಬ್ಬನೇ ಕೂತಿದ್ದ. ಮೂವತ್ತೈದರ ಹುಡುಗ, ಬೆಂಗಳೂರಿನವನು, ಕಣ್ಣ ಕೆಳಗೆ ಕಪ್ಪು. ಇಂಗ್ಲಿಷಿನಲ್ಲೇ ಮಾತಾಡಿದ. ಬಾಗಿಲ ಕೀಲಿನ ಬಗ್ಗೆ ಎರಡು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಳ್ಳದೆ ತಲೆ ಆಡಿಸಿ, ಗೋಡೆಯ ಪರದೆಯ ಮೇಲೆ ಮ್ಯಾಪು ತಂದ. ಫಾರ್ಮಿಂಗ್ಟನ್ ಹಿಲ್ಸ್ ಮೇಲೆ ನಾಮಗಿರಿಯಮ್ಮನವರು ದಪ್ಪ ಅಕ್ಷರದಲ್ಲಿ ಮಲಗಿದ್ದರು.

"ಇದು ನಮ್ಮ ತಲೆನೋವು. ನೀವಾಗಿದ್ದರೆ ಎಲ್ಲಿಂದ ಹುಡುಕಲು ಶುರು ಮಾಡುತ್ತೀರಿ?"

ಗಾಜಿನ ಆಚೆ ಗೋಪಿ ಕಾಫಿ ಕಪ್ಪು ಹಿಡಿದು ಒಮ್ಮೆ ಹಾದುಹೋದ.

'ಗೊತ್ತಿಲ್ಲ, ಕಲೀತೀನಿ' ಎನ್ನಲು ತಿರುಮಲೇಶ ಬಾಯಿ ತೆರೆದಿದ್ದ. ನಿಜವಾಗಿಯೂ ತೆರೆದಿದ್ದ. ಅಷ್ಟರಲ್ಲಿ ನಿರಂಜನ್ ಕಣ್ಣುಜ್ಜಿಕೊಳ್ಳುತ್ತಾ, "ಯಾರೋ ತಲೆಕೆಟ್ಟವನು ಹಾಕಿರಬೇಕು ಅಂತ ನಮ್ಮವರು ಹೇಳ್ತಾರೆ" ಎಂದ.

"ತಲೆ ಕೆಟ್ಟಿರೋದು ನಿಮ್ಮ ಎಂಜಿನ್ನಿಗೆ," ಎಂದ ತಿರುಮಲೇಶ. ಇಂಗ್ಲಿಷು ಅಲ್ಲಿಗೆ ನಿಂತು ಕನ್ನಡ ಶುರುವಾಯಿತು. "ಯಾರೋ ಬಂದು ಇದು ಟೌನು ಅಂದ. ಅಂದ ತಕ್ಷಣ ನಂಬಿಬಿಡೋದಾ? ನಮ್ಮ ಬೀದಿ ಪೋಸ್ಟ್‌ಮ್ಯಾನು ಒಂದು ಹೊಸ ಹೆಸರು ಕಂಡ್ರೆ, ಯಾರಮ್ಮಾ ಇವರು, ಯಾರ ಮನೆಯವರು ಅಂತ ನಾಲ್ಕು ಬಾಗಿಲಲ್ಲಿ ಕೇಳ್ತಿದ್ದ. ಊರು ಅಂದಮೇಲೆ ಒಂದು ಅಂಗಡಿ ಬೇಡ್ವಾ? ಒಂದು ಸ್ಕೂಲು? ಎಷ್ಟು ಜನ ಇದ್ದಾರೆ ಅಂತಾದ್ರೂ ಕೇಳ್ಬೇಡ್ವಾ? ಏನೂ ಕೇಳದೆ ಸುತ್ತಲ ಮನೆಗಳನ್ನೆಲ್ಲ ಕಿತ್ತು ಅದಕ್ಕೆ ಸೇರಿಸಿದೀರಿ. ಪಾಪ, ಅಲ್ಲೊಬ್ಬ ಮನೆ ಮಾರೋಕಾಗದೆ ಕೂತಿದಾನೆ. ಪಿಜ್ಜಾ ಬರಲ್ಲ. ಬೀದಿ ಕೊನೇಲಿ ಹುಲ್ಲು ಮೊಳಕಾಲುದ್ದ ಬೆಳೆದಿದೆ."

ಗೋಪಿ ಮತ್ತೊಮ್ಮೆ ಹಾದುಹೋದ. ಈ ಸಲ ಕಪ್ಪು ಸೊಟ್ಟಗಿತ್ತು, ಕಾಫಿ ಅವನ ಶೂ ಮೇಲೆ ಸುರಿಯುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

ನಿರಂಜನ್ ಕೈ ಕಟ್ಟಿ ಕೂತಿದ್ದ. "ಅಲ್ಲಿ ಅಂಗಡಿ ಇಲ್ಲ, ಸ್ಕೂಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಅವನೂ ಕನ್ನಡಕ್ಕೆ ಬಂದಿದ್ದ.

ತಿರುಮಲೇಶನಿಗೆ ಸಾಕಾಗಿತ್ತು. ಪಿಜ್ಜಾ ಸಾಕಾಗಿತ್ತು, ಸೈಟು ಸಾಕಾಗಿತ್ತು, ಮೂಲೆಯಲ್ಲಿ ನಿಂತು ಕೈ ಬೀಸುವುದು ಸಾಕಾಗಿತ್ತು.

"ನಾನು ಅದರೊಳಗೇ ವಾಸ ಮಾಡ್ತೀನಿ" ಎಂದ.

"ಜನಸಂಖ್ಯೆ?"

"ಮೂರು."

ನಿರಂಜನ್ ಪರದೆ ನೋಡಿದ, ರೆಸ್ಯೂಮೆ ನೋಡಿದ, ತಿರುಮಲೇಶನನ್ನು ನೋಡಿದ. "ನಾಮಗಿರಿ ಯಾರು ಸಾರ್?"

"ನಮ್ಮಮ್ಮ."

"ಹೋದ ತಿಂಗಳಿಂದ ನಿಮ್ಮಮ್ಮನ್ನ ಹುಡುಕ್ತಿದ್ದೀವಿ ನಾವು," ಎಂದು ನಿರಂಜನ್ ಕುರ್ಚಿಗೆ ಒರಗಿದ. "ಗೋಪಿಗೆ ಇದು ಗೊತ್ತಿತ್ತಾ?"

ತಿರುಮಲೇಶ ಗಾಜಿನಾಚೆ ನೋಡಿದ. ಗೋಪಿ ಬಗ್ಗಿ ಟಿಶ್ಯೂ ಕಾಗದದಿಂದ ಕಾರ್ಪೆಟ್ಟು ಒರೆಸುತ್ತಿದ್ದ.

"ಅವನಿಗೆ ಯಾವುದೂ ಗೊತ್ತಾಗಲ್ಲ. ನನ್ನ ಮದುವೆ ದಿನದಿಂದ ನೋಡ್ತಿದ್ದೀನಿ."

ನಿರಂಜನ್ ನಗಲಿಲ್ಲ, ಆದರೆ ಅವನ ಕಣ್ಣ ಕೆಳಗಿನ ಕಪ್ಪು ಸ್ವಲ್ಪ ಕದಲಿತು. "ಈ ವಾರ ಎಷ್ಟೋ ಜನ ಬಂದ್ರು ಸಾರ್. ಎಲ್ರೂ ನಮ್ಮ ಎಂಜಿನ್ ತುಂಬಾ ಚೆನ್ನಾಗಿದೆ ಅಂದ್ರು. ಬೈದವರು ನೀವೊಬ್ರೇ. ಹೊಸ ಮ್ಯಾಪ್ ತುಂಬಿಸೋ ಕೆಲಸ ಯಾರಿಗಾದ್ರೂ ಕಲಿಸಬಹುದು. ಆದರೆ ನಮ್ಮ ಹುಡುಗರಿಗೆ ಒಬ್ಬ ಮನುಷ್ಯ ತನ್ನ ಮನೆಯನ್ನ ಟೌನು ಅಂತ ಯಾಕೆ ಹಾಕ್ತಾನೆ ಅಂತ ಜನ್ಮದಲ್ಲಿ ಹೊಳೆಯಲ್ಲ."

"ನನಗೂ ಹೊಳೆದಿರಲಿಲ್ಲ. ಮಾಡಿಬಿಟ್ಟೆ."

"ಅದೇ ಬೇಕಾಗಿರೋದು. ನಿಮಗೆ ಬೇರೆ ಒಂದು ಮ್ಯಾಪ್ ಕೊಡ್ತೀವಿ, ಹೊರಗೆ ಯಾರಿಗೂ ಕಾಣಲ್ಲ. ಅದರಲ್ಲಿ ಜನ ಏನೇನು ತಪ್ಪು ಮಾಡಬಹುದೋ ಎಲ್ಲ ಮಾಡಿ. ಎಂಜಿನ್ ನಂಬುತ್ತೋ ಇಲ್ವೋ ನೋಡಿ. ನಂಬಿದ್ರೆ ಬೈದು ಬರೀರಿ. ಜೊತೆಗೆ ಮ್ಯಾಪ್ ತುಂಬಿಸೋದು. ಕಾಂಟ್ರಾಕ್ಟ್ ಪೋಸ್ಟು, ದೊಡ್ಡದೇನಲ್ಲ. ಮೊದಲ ವಾರ ಇಲ್ಲಿ, ಆಮೇಲೆ ನಿಮ್ಮ ಮನೆಯಿಂದಲೇ ಮಾಡಿ. ಸೋಮವಾರ ಬರ್ತೀರಾ?"

ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಬಿದ್ದಿತ್ತು. ತಿರುಮಲೇಶ ಗೋಪಿಯ ಕಾರಿಗೆ ಒರಗಿ ನಿಂತ. ಖುಷಿಯಾಗಬೇಕಿತ್ತು. ಆದದ್ದು ಬಹಳ ದೂರ ನಡೆದು ಬಂದವನಿಗೆ ಕೂರಲು ಕಲ್ಲು ಸಿಕ್ಕ ಹಾಗೆ. ತಲೆಯ ಮೇಲೆ ಓಹೇರ್ ನಿಲ್ದಾಣದ ಕಡೆಗೆ ಇಳಿಯುವ ವಿಮಾನಗಳು ಹೋಗುತ್ತಲೇ ಇದ್ದವು. ಒಂದು ಹೋಗಿ ಇನ್ನೊಂದು ಬರುವ ಸಂದಿನಲ್ಲಿ ಅವನು ಆಸ್ಪತ್ರೆಗೆ ಫೋನ್ ಮಾಡಿದ.

"ಸಿಕ್ತು ಕಣೇ," ಅಂದ.

ಆ ಕಡೆ ಲ್ಯಾಬಿನ ಯಂತ್ರ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತ ಸದ್ದು. ಆಮೇಲೆ ಮೂಗೆಳೆದುಕೊಂಡ ಸದ್ದು.

"ಏನ್ ಕೆಲಸ ಅಂತೆ?"

"ತಪ್ಪು ಮಾಡೋದು. ದಿನಾ ಎಂಟು ಗಂಟೆ ತಪ್ಪು ಮಾಡ್ತಾ ಇರ್ಬೇಕು."

ವತ್ಸಲಾಳ ದನಿ ಮಾಮೂಲಿಗೆ ಬಂತು.

"ಅದಕ್ಕೆ ನಿಮ್ಮನ್ನ ಮುನ್ನೂರು ಮೈಲಿ ಓಡಿಸಿ ಇಂಟರ್ವ್ಯೂ ಯಾಕ್ರೀ ಮಾಡಿದ್ರು? ನನಗೊಂದು ಫೋನ್ ಮಾಡಿ ಕೇಳಿದ್ರೆ ಸಾಕಿತ್ತು."